ನಾನೂರ ಹನ್ನೆರಡು ಸೋಲು, ಒಂದು ಗೆಲುವು

"ಮೂರು ಸಹಿ ಆಗ್ಬೇಕು, ಒಂದು ಆಗೈತಿ," ಎಂದು ಸದಸ್ಯ ಶರಣ ಠರಾವಿನ ಕಾಗದವನ್ನು ಮೇಜಿನ ಮೇಲೆ ಮುಂದಕ್ಕೆ ಸರಿಸಿದ.

ಆಗಿದ್ದ ಒಂದು ಸಹಿ ಅವನದೇ. ಶಾಯಿ ಒಣಗುವ ಮೊದಲೇ ಪೆನ್ನಿನ ಮುಚ್ಚಳ ತೆಗೆದಿಟ್ಟುಕೊಂಡು ಉಳಿದಿಬ್ಬರ ಕಡೆಗೆ ಚಾಚಿದ್ದ. ಅಷ್ಟು ಉಪಕಾರಬುದ್ಧಿ ಅವನಲ್ಲಿ ಬೇರೆ ದಿನ ಕಂಡವರಿಲ್ಲ.

ಠರಾವು ಚಿಕ್ಕದು. ದಾಸನಕೊಪ್ಪದ ನಾಟಿಬೀಜ ಸಂಘದ ಕಾರ್ಯದರ್ಶಿ ಪ್ರತಿಭಾ ಅವರನ್ನು ನಂಬಿಕೆದ್ರೋಹಕ್ಕಾಗಿ ಇಂದಿನಿಂದಲೇ ತೆಗೆದುಹಾಕಲಾಗಿದೆ. ಕಳೆದ ಆದಿತ್ಯವಾರ ಬೆಳಿಗ್ಗೆ, ಬೀಗ ಹಾಕಿದ ಇದೇ ಕಚೇರಿಯ ಕಂಪ್ಯೂಟರಿನಿಂದ, ಅವಳದೇ ಪಾಸ್‌ವರ್ಡಿನಲ್ಲಿ, 'ಕೆರೆಮುಳುಕ' ಭತ್ತದ ಮೂರು ವರ್ಷದ ಕಡತ ಹೊರಗೆ ಹೋಗಿತ್ತು. ಹದಿನೈದು ದಿನ ನೀರಿನಡಿಯಲ್ಲಿದ್ದರೂ ಸಾಯದ ಭತ್ತ ಅದು. ಮಂಗಳವಾರದ ಹೊತ್ತಿಗೆ ಹೊರಗಿನ ಒಂದು ಬೀಜದ ಕಂಪನಿ ಅದೇ ಫೋಟೋ, ಅದೇ ಟಿಪ್ಪಣಿ ಇಟ್ಟುಕೊಂಡು ತಳಿ ತನ್ನದೆಂದು ಅರ್ಜಿ ಹಾಕಿಯೂ ಆಗಿತ್ತು.

"ಹತ್ತು ನಿಮಿಷ ಕೊಡಿ," ಎಂದಳು ತನುಜಾ.

"ನೀವು ನಿನ್ನೆನೂ ಹತ್ತು ನಿಮಿಷ ಅಂದಿದ್ರಿ. ಕತ್ತಲಾತು," ಎಂದ ಶರಣ.

ತನುಜಾ ನಾಯ್ಕ ಶಿರಸಿಯಲ್ಲಿ ಪ್ರಿಂಟರ್ ರಿಪೇರಿ ಅಂಗಡಿ ಇಟ್ಟವಳು. ಪ್ರಿಂಟರುಗಳ ಹೊಟ್ಟೆಯಲ್ಲಿ ಸಿಕ್ಕಿಕೊಂಡ ಕಾಗದಗಳನ್ನು ಎಳೆದು ಬಿಡಿಸುತ್ತ, ಬಿಡಿಸಿದ್ದನ್ನು ಓದುತ್ತ, ಇಪ್ಪತ್ತು ವರ್ಷದಲ್ಲಿ ಅರ್ಧ ಜಿಲ್ಲೆಯ ಗುಟ್ಟು ಕಲಿತಿದ್ದಳು. ಪತ್ತೇದಾರಿಕೆ ಅಲ್ಲಿಂದ ತಾನಾಗಿಯೇ ಬಂದು ಹೆಗಲೇರಿತ್ತು. ಫಲಕದಲ್ಲಿ ಮಾತ್ರ ಇನ್ನೂ 'ಇಂಕ್ ತುಂಬಿಸಿ ಕೊಡಲಾಗುವುದು' ಎಂದೇ ಇತ್ತು.

"ಹತ್ತು ನಿಮಿಷದಾಗ ಏನ್ ಮಾಡ್ತೀರಿ, ತನುಜಕ್ಕಾರ?" ಎಂದು ಅಧ್ಯಕ್ಷ ಸಂಗಯ್ಯನವರು ಕೇಳಿದರು. ಎದೆಯ ಮೇಲೆ ಜೋತುಬಿದ್ದ ಕನ್ನಡಕವನ್ನು ಮೂಗಿಗೇರಿಸಿದ್ದರು. ಅಂದರೆ ಸಹಿ ಹಾಕಲು ಸಿದ್ಧರಾಗಿದ್ದರು.

"ಎಂತದೂ ಇಲ್ಲ. ಪ್ರತಿಭಾ ದಿನಾ ಬಂದು ಕಚೇರಿ ಹೆಂಗೆ ಶುರು ಮಾಡ್ತಾಳೋ ಹಂಗೇ ಒಂದ್ಸಲ ಮಾಡ್ಲಿ. ನಾವು ನೋಡುವ."

ನಿಜ ಹೇಳಬೇಕೆಂದರೆ, ತಾನು ಏನನ್ನು ಹುಡುಕುತ್ತಿದ್ದೇನೆಂದು ತನುಜಾಳಿಗೂ ಗೊತ್ತಿರಲಿಲ್ಲ. ಎರಡು ದಿನ ಆ ಕಂಪ್ಯೂಟರಿನ ಎದುರು ಕೂತಿದ್ದಳು. ಆದರೆ ಎರಡೂ ದಿನ ಅವಳು ಬರುವಷ್ಟರಲ್ಲಿ ಕಂಪ್ಯೂಟರ್ ಚಾಲೂ ಆಗಿರುತ್ತಿತ್ತು. ಊಟ ಮಾಡಿ ಮುಗಿಸಿದವರ ಎಲೆ ನೋಡಿ ಯಾವುದನ್ನು ಮೊದಲು ತಿಂದರು ಎಂದು ಹೇಳಲು ಬರುವುದಿಲ್ಲವಲ್ಲ.

ಮೂಲೆಯ ಕುರ್ಚಿಯಲ್ಲಿದ್ದ ಪ್ರತಿಭಾ ಎದ್ದಳು. ಮುಖ ಬಾಡಿತ್ತು, ಸೀರೆಯ ನೆರಿಗೆ ಮಾತ್ರ ಎಂದಿನಂತೆ ಕಡ್ಡಿ ಇಟ್ಟ ಹಾಗೆ ನೇರವಾಗಿತ್ತು. ಮುಂಜಾನೆ ಬಾಗಿಲಲ್ಲಿ ಅವಳು ತನುಜಾಳಿಗೆ ಹೇಳಿದ್ದು ಒಂದೇ ಮಾತು: "ಕೆಲಸ ಹೋದ್ರ ಹೋಗ್ಲಿ ಅಕ್ಕಾರ. ಕಳ್ಳಿ ಅನ್ನಿಸ್ಕೊಂಡು ಈ ಊರಾಗ ನೀರಿನ ನಳದ ಮುಂದ ನಿಂದ್ರೂದು ಹೆಂಗ?"

ಸಂಗಯ್ಯನವರು ಆಗಲಿ ಎಂದರು. ಕಂಪ್ಯೂಟರ್ ಅವತ್ತು ಇನ್ನೂ ಚಾಲೂ ಆಗಿರಲಿಲ್ಲ. ದಿನಾ ಸಂಜೆ ಕಚೇರಿ ಮುಚ್ಚುವಾಗ ಏನೇನು ಎಲ್ಲೆಲ್ಲಿ ಇಡುತ್ತಿದ್ದಳೋ ಹಾಗೆಯೇ ಎಲ್ಲವನ್ನೂ ಇಟ್ಟು, ಪ್ರತಿಭಾ ಹೊರಗೆ ಹೋಗಿ, ಮತ್ತೆ ಒಳಗೆ ಬಂದಳು.

ಮೊದಲು ಕಂಪ್ಯೂಟರಿನ ಗುಂಡಿ ಒತ್ತಿದಳು. ಅದು ಹಳೆಯ ಯಂತ್ರ, ಏಳಲು ಹೊತ್ತು ಬೇಕು. ನರಳಿತು, ಕೆಮ್ಮಿತು, ನೀಲಿಯಾಯಿತು. ಅದು ಏಳುವುದರೊಳಗೆ ಅವಳು ಎರಡು ಕಿಟಕಿ ತೆಗೆದಳು. ಬಸವಣ್ಣನ ಫೋಟೋಕ್ಕೆ ಊದಿನಕಡ್ಡಿ ಹಚ್ಚಿದಳು. ಬೀಜದ ಡಬ್ಬಿಗಳ ಸಾಲಿನಲ್ಲಿ ಇಲಿ ಬಂದ ಗುರುತಿದೆಯೇ ಎಂದು ಬಗ್ಗಿ ನೋಡಿದಳು. ಕೊಡದ ನೀರು ಬದಲಿಸಿದಳು. ಕೊನೆಗೆ ಗೋಡೆಯ ಮೊಳೆಗೆ ನೇತುಹಾಕಿದ್ದ ಎರಡು ತಂತಿ ತೆಗೆದು, ಒಂದನ್ನು ಕರೆಂಟಿಗೂ ಇನ್ನೊಂದನ್ನು ಮೋಡೆಮ್‌ಗೂ ಸಿಕ್ಕಿಸಿದಳು. ಮೋಡೆಮ್‌ನಲ್ಲಿ ಒಂದು ಹಸಿರು ದೀಪ ಹೊತ್ತಿತು.

ತನುಜಾ ಆ ಮೊಳೆಯನ್ನೇ ನೋಡುತ್ತಿದ್ದಳು.

"ತಂತಿ ಎಂತಕ್ಕೆ ಬಿಚ್ಚಿಡ್ತೆ, ಪ್ರತಿಭಾ?"

ಪ್ರತಿಭಾಳಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಸಿಡಿಲಿಗ್ರಿ. ಹ್ವಾದ ವರ್ಷದ ಯುಗಾದಿ ಮುಂದ ಸಿಡ್ಲು ಹೊಡದು ಎರಡು ಮೋಡೆಮ್ ಸುಟ್ಟುವು. ಅವತ್ತಿಂದ ಸಂಜಿಕ ಬಿಚ್ಚಿ ಹೋಗ್ತೀನಿ. ಎಲ್ಲಾರ ಮನ್ಯಾಗೂ ಹಂಗ ಮಾಡ್ತಾರಲ್ರಿ."

"ಬೇಸಗೆಲೂ, ಚಳಿಗೂ?"

"ಸಿಡ್ಲು ಕ್ಯಾಲೆಂಡರ್ ನೋಡಿ ಬರ್ತೈತೇನ್ರಿ?"

ಸಿದ್ದಾಪುರದಿಂದ ಬಂದಿದ್ದ ಸದಸ್ಯ ವಿಶ್ವೇಶ್ವರ ನಾಯ್ಕರು ತಲೆಯಾಡಿಸಿದರು. ಅವರ ಕಿವಿ ಮಂದ, ಆದರೆ ಬೇಕಾದ ಮಾತನ್ನು ಎಂದೂ ಬಿಟ್ಟುಕೊಟ್ಟ ಕಿವಿಯಲ್ಲ. "ನಮ್ಮನೆಲೂ ಬಿಚ್ಚಿಡ್ತು. ಟೀವಿದೂ ಬಿಚ್ಚಿಡ್ತು. ಮೂರು ಟೀವಿ ಕೊಟ್ಟ ಮೇಲೆ ಬುದ್ಧಿ ಬಂದದ್ದು."

ತನುಜಾಳ ಎದೆಯೊಳಗೆ ಏನೋ ಒಂದು ಸಣ್ಣಗೆ ಸರಿಯಿತು, ಕಾಗದ ಸಿಕ್ಕಿಬಿದ್ದ ಪ್ರಿಂಟರಿನಲ್ಲಿ ಚಕ್ರ ಮೊದಲ ಸಲ ತಿರುಗಿದ ಹಾಗೆ. ಅವಳು ಕುರ್ಚಿ ಎಳೆದುಕೊಂಡು ಕೂತಳು.

"ರಾಘು, ನಿಮ್ಮ ವರದಿ ಇನ್ನೊಮ್ಮೆ ಓದ್ತೀರಾ?"

ಕಿಟಕಿಗೆ ಒರಗಿ ಚಹಾ ಕುಡಿಯುತ್ತಿದ್ದ ರಾಘು ಯಲ್ಲಾಪುರದವನು. ಸಂಘಕ್ಕೆ ಕಂಪ್ಯೂಟರ್ ಕೂರಿಸಿಕೊಟ್ಟವನು, ಅದರೊಳಗಿನ ಬೀಜದ ತಂತ್ರಾಂಶ ಬರೆದವನು, ಕಳವಾದ ಮೇಲೆ ಪರಿಣತನೆಂದು ಕರೆಸಲ್ಪಟ್ಟು ವರದಿ ಕೊಟ್ಟವನು. ಅಂಗಿಯ ಜೇಬಿನಲ್ಲಿ ಎರಡು ಪೆನ್ನು, ಮಾತಿನಲ್ಲಿ ಎಲ್ಲಿಯೂ ಅವಸರವಿಲ್ಲ.

"ಓದುವುದೇನು ಮೇಡಂ, ಬಾಯಿಪಾಠ," ಎಂದು ನಕ್ಕ. "ತಂತ್ರಾಂಶಕ್ಕೆ ನಾವು ಆಗಾಗ ಅಪ್‌ಡೇಟ್ ಕಳಿಸುತ್ತೇವೆ. ಕಡತ ಯಾವುದಾದರೂ ಹೊರಗೆ ಹೋದರೆ ಅಧ್ಯಕ್ಷರ ಫೋನಿಗೆ ಸುದ್ದಿ ಬರುವ ಹಾಗೆ ಒಂದು ಅಪ್‌ಡೇಟ್ ಕಳಿಸಿ ವರ್ಷ ದಾಟಿತು. ಈ ಯಂತ್ರಕ್ಕೆ ಅದು ಬಂದೇ ಇಲ್ಲ. ಹದಿನಾರು ತಿಂಗಳಲ್ಲಿ ಒಮ್ಮೆಯೂ ಅಪ್‌ಡೇಟ್ ಆಗಿಲ್ಲ. ಇಲ್ಲಿ ಕೂರುವವರು ಬೇಕೆಂದೇ ತಡೆದಿದ್ದಾರೆ. ಯಾಕೆ ತಡೆದರು ಅನ್ನುವುದು ಆದಿತ್ಯವಾರ ಗೊತ್ತಾಯಿತು."

"ಕೇಳಿದ್ರಲ್ಲ," ಎಂದ ಶರಣ. ಪ್ರತಿಭಾಳ ಕುರ್ಚಿ ಖಾಲಿಯಾದರೆ ಅದರಲ್ಲಿ ಕೂರಿಸಲು ಅವನಲ್ಲಿ ಒಬ್ಬ ನಾದಿನಿ ಸಿದ್ಧಳಿದ್ದಳು. ಈ ವಿಷಯ ಅವನು ಯಾರಿಗೂ ಹೇಳಿರಲಿಲ್ಲ. ದಾಸನಕೊಪ್ಪದಲ್ಲಿ ಗೊತ್ತಿಲ್ಲದವರೂ ಯಾರೂ ಇರಲಿಲ್ಲ.

"ಅಪ್‌ಡೇಟ್ ತರುವ ಕೆಲಸ ಯಾವಾಗ ಓಡ್ತದೆ, ರಾಘು?"

"ಕಂಪ್ಯೂಟರ್ ಚಾಲೂ ಆದ ಕೂಡಲೇ. ತಾನಾಗಿಯೇ. ಯಾರೂ ಏನೂ ಒತ್ತಬೇಕಿಲ್ಲ."

"ಒಂದು ದಿನಕ್ಕೆ ಎಷ್ಟು ಸಲ?"

"ಚಾಲೂ ಆದಾಗ ಒಂದು ಸಲ. ಸಾಕಲ್ಲ."

"ಅದು ಓಡಿದ್ದು, ಬಿಟ್ಟದ್ದು ಎಲ್ಲ ಎಲ್ಲಾದ್ರೂ ಬರೆದಿರ್ತದಾ?"

ರಾಘು ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ. "ಇರುತ್ತದೆ. ಯಾರು ನೋಡುತ್ತಾರೆ?"

"ನಾನು. ಪ್ರಿಂಟರ್ ರಿಪೇರಿ ಮಾಡುವವರಿಗೆ ಬೇರೆಯವರು ಎಸೆದದ್ದು ಓದೋದೇ ಅಭ್ಯಾಸ."

ತನುಜಾ ಪರದೆಯ ಮೇಲೆ ಆ ದಿನಚರಿಯ ಪುಟ ತೆರೆದಳು. ಒಂದೊಂದು ಸಾಲಿಗೆ ಒಂದೊಂದು ದಿನ, ಅದರ ಮುಂದೆ ಗಂಟೆ, ಅದರ ಮುಂದೆ ಫಲ. ಮೇಲಿನ ಸಾಲು ಈಗಷ್ಟೇ ಹುಟ್ಟಿದ್ದು: ಬುಧವಾರ, ಒಂಬತ್ತು ಗಂಟೆ ಹದಿನಾಲ್ಕು ನಿಮಿಷ, ಕೆಲಸ ಓಡಿತು, ಅಂತರ್ಜಾಲ ಸಿಗಲಿಲ್ಲ, ವಿಫಲ.

"ಪ್ರತಿಭಾ ತಂತಿ ಸಿಕ್ಕಿಸಿದ್ದು ಎಷ್ಟಕ್ಕೆ?"

"ಒಂಬತ್ತು ಇಪ್ಪತ್ಮೂರಕ್ಕ," ಎಂದರು ಸಂಗಯ್ಯನವರು. ಅವರು ಗಡಿಯಾರ ನೋಡುತ್ತಲೇ ಇದ್ದರು, ಬಸ್ಸಿನ ಚಿಂತೆ.

"ಒಂಬತ್ತು ನಿಮಿಷ ತಡ," ಎಂದಳು ತನುಜಾ. "ಈಗ ನಿನ್ನೆದು ನೋಡಿ. ಓಡಿತು, ಜಾಲ ಸಿಗಲಿಲ್ಲ, ವಿಫಲ. ಮೊನ್ನೆದು. ಓಡಿತು, ಸಿಗಲಿಲ್ಲ, ವಿಫಲ. ಹೋದ ತಿಂಗಳದ್ದು. ಹೋದ ದೀಪಾವಳಿದು. ದಿನಾ ಬೆಳಿಗ್ಗೆ ಈ ಬಡಪಾಯಿ ಕೆಲಸ ಎದ್ದು, ಬಾಗಿಲಿಗೆ ಹೋಗಿ, ಹೊರಗೆ ದಾರಿಯೇ ಇಲ್ಲ ಅಂತ ನೋಡಿ, ಮತ್ತೆ ಬಂದು ಮಲಗಿದೆ. ಒಂಬತ್ತು ನಿಮಿಷ ಬಿಟ್ಟು ದಾರಿ ಬಂದಿದೆ. ಅಷ್ಟೊತ್ತಿಗೆ ಇದು ನಿದ್ದೆ."

ವಿಶ್ವೇಶ್ವರ ನಾಯ್ಕರು ಬೆರಳೆತ್ತಿದರು.

"ಸಿದ್ದಾಪುರದಲ್ಲಿ ಮುಂಚೆ ಒಂದು ಬಸ್ಸಿತ್ತು. ಆರು ಗಂಟೆ ಅಂದ್ರೆ ಆರೇ ಗಂಟೆಗೆ ಬಿಡೋದು. ಜನ ಆರೂ ಹತ್ತಕ್ಕೆ ಬರೋದು. ಎರಡು ವರ್ಷ ಖಾಲಿ ಓಡ್ತು. ಆಮೇಲೆ ಸಾಹೇಬ್ರು ಬರೆದ್ರು, ಈ ಊರ ಜನಕ್ಕೆ ಬಸ್ಸಿನ ಮೇಲೆ ಆಸಕ್ತಿ ಇಲ್ಲ ಅಂತ."

"ಅಷ್ಟೇ ವಿಷಯ, ವಿಶ್ವೇಶ್ವರಣ್ಣ," ಎಂದಳು ತನುಜಾ. "ಸಾಹೇಬ್ರ ವರದಿ ಇಲ್ಲೇ ಮೇಜಿನ ಮೇಲಿದೆ."

ರಾಘುವಿನ ಕಿವಿ ಕೆಂಪಾಯಿತು. ಯಂತ್ರಗಳ ವಿಷಯದಲ್ಲಿ ತಪ್ಪು ಸಿಕ್ಕಿಬಿದ್ದರೆ ಕಳ್ಳತನ ಸಿಕ್ಕಿಬಿದ್ದದ್ದಕ್ಕಿಂತ ಹೆಚ್ಚು ನಾಚುವವರು ಇರುತ್ತಾರೆ.

"ತಂತಿ ಬಿಚ್ಚಿಡುತ್ತಾರೆ ಅಂತ ನನಗೆ ಯಾರೂ ಹೇಳಿಲ್ಲ," ಎಂದ. "ನಮ್ಮ ಅಂಗಡಿಯಲ್ಲಿ ಮೋಡೆಮ್ ಆರಿಸುವುದೇ ಇಲ್ಲ."

"ಹತ್ತು ನಿಮಿಷ ತಡೆದು ಓಡು ಅಂತ ಒಂದು ಸಾಲು ಬರೆದಿದ್ರೆ ಸಾಕಿತ್ತು. ಜಾಲ ಬಂದ ಮೇಲೆ ಓಡು ಅಂತಾದರೂ. ನೀವು ಇಲ್ಲಿಗೆ ಬರೋದು ಮಧ್ಯಾಹ್ನ. ಆವಾಗ ತಂತಿ ಹಾಕಿಯೇ ಇರ್ತದೆ. ಮೊಳೆ ನಿಮ್ಮ ಕಣ್ಣಿಗೆ ಬೀಳ್ಲಿಲ್ಲ. ತಪ್ಪಲ್ಲ ಬಿಡಿ, ನನ್ನ ಕಣ್ಣಿಗೂ ಇವತ್ತೇ ಬಿದ್ದದ್ದು."

ಸಂಗಯ್ಯನವರು ಕನ್ನಡಕ ತೆಗೆದು ಒರೆಸಿದರು. "ಅಂದ್ರ ನಮ್ಮ ಪ್ರತಿಭಾ ಏನೂ ತಡದಿಲ್ಲ."

"ಏನೂ ತಡೆದಿಲ್ಲ. ಸಿಡಿಲು ತಡೆದಿದ್ದಾಳೆ."

ಪ್ರತಿಭಾ ಗೋಡೆಗೆ ಕೈಕೊಟ್ಟು ನಿಂತಳು. ಶರಣನ ಪೆನ್ನು ಇನ್ನೂ ಗಾಳಿಯಲ್ಲೇ ಇತ್ತು.

"ತಡದಿಲ್ಲ ಅಂದ್ರ ಕದ್ದಿಲ್ಲ ಅಂತ ಆಗಂಗಿಲ್ಲ," ಎಂದ ಅವನು. ಮಾತು ಸರಿಯಾಗಿಯೇ ಇತ್ತು. ಅವನು ದಡ್ಡನಲ್ಲ, ಬರಿಯ ಅವಸರದವನು.

"ಆಗಲ್ಲ," ಎಂದು ತನುಜಾ ಒಪ್ಪಿದಳು. "ಅದಕ್ಕೇ ಎಣಿಸ್ತಾ ಇದ್ದೆ. ಹದಿನಾರು ತಿಂಗಳಲ್ಲಿ ಈ ಕೆಲಸ ಓಡಿದ್ದು ನಾನೂರ ಹದಿಮೂರು ಸಲ. ಸೋತದ್ದು ನಾನೂರ ಹನ್ನೆರಡು."

ಲೆಕ್ಕ ಮೊದಲು ಹತ್ತಿದ್ದು ಮಂದ ಕಿವಿಯ ವಿಶ್ವೇಶ್ವರ ನಾಯ್ಕರಿಗೆ. "ಒಂದು ಎಲ್ಲಿ ಹೋತು?"

ತನುಜಾ ಪರದೆಯನ್ನು ಅವರ ಕಡೆ ತಿರುಗಿಸಿದಳು. ಕೆಂಪು ಸಾಲುಗಳ ಉದ್ದ ಪಟ್ಟಿ. ಮೇಲಿಂದ ನಾಲ್ಕನೆಯದು ಮಾತ್ರ ಹಸಿರು. ಭತ್ತದ ಗದ್ದೆಯಲ್ಲಿ ಕಳೆ ಕಂಡ ಹಾಗೆ ಕಣ್ಣಿಗೆ ಹೊಡೆಯುತ್ತಿತ್ತು.

ಆದಿತ್ಯವಾರ, ಏಳು ಗಂಟೆ ಇಪ್ಪತ್ತೊಂದು ನಿಮಿಷ. ಕೆಲಸ ಓಡಿತು. ಜಾಲ ಸಿಕ್ಕಿತು. ಸಫಲ.

"ಕಡತ ಹೋದ ದಿನ," ಎಂದರು ಸಂಗಯ್ಯನವರು ಮೆಲ್ಲಗೆ.

"ಅದೇ ಬೆಳಿಗ್ಗೆ. ಕಡತ ಹೋದದ್ದು ಏಳೂವರೆಗೆ. ಹದಿನಾರು ತಿಂಗಳಲ್ಲಿ ಆ ಒಂದೇ ದಿನ, ಇಲ್ಲಿ ಕೂತವರು ಕಂಪ್ಯೂಟರ್ ಗುಂಡಿ ಒತ್ತುವ ಮೊದಲೇ ಮೊಳೆಯಿಂದ ತಂತಿ ತೆಗೆದು ಸಿಕ್ಕಿಸಿದ್ದಾರೆ. ಊದಿನಕಡ್ಡಿ ಇಲ್ಲ, ಕಿಟಕಿ ಇಲ್ಲ, ಇಲಿ ನೋಡಿಲ್ಲ. ಮೊದಲು ಜಾಲ, ಆಮೇಲೆ ಯಂತ್ರ. ಕಂಪ್ಯೂಟರ್ ಕೆಲಸ ಕಲಿತವರು ಮಾಡೋ ಕ್ರಮ ಅದು."

"ಕದಿಯಾಕ ಬಂದಾಕಿ ಊದಿನಕಡ್ಡಿ ಹಚ್ಚತಾಳೇನ್ರಿ?" ಎಂದ ಶರಣ. "ಅವಸರಾಗ ತಂತಿ ಮದ್ಲ ಹಾಕಿರ್ತಾಳ."

"ಇದ್ದರೂ ಇರಬಹುದು," ಎಂದಳು ತನುಜಾ.

ಪ್ರತಿಭಾ ತಿರುಗಿ ನೋಡಿದಳು. ಅವಳ ಕಣ್ಣಲ್ಲಿದ್ದದ್ದು ಸಿಟ್ಟಲ್ಲ. ತನ್ನವರೇ ಕೈಬಿಟ್ಟರು ಎಂಬ ದಿಗಿಲು.

"ಕೋಪ ಮಾಡ್ಬೇಡ ಮಾರಾಯ್ತಿ," ಎಂದಳು ತನುಜಾ. "ಶರಣಪ್ಪ ಹೇಳೋದು ನ್ಯಾಯ. ಸಾಲು ಯಾರು ಅಂತ ಹೇಳಲ್ಲ, ಹೆಂಗೆ ಅಂತ ಮಾತ್ರ ಹೇಳ್ತದೆ. ಈಗ ನೀನು ಹೇಳು. ಸೋಮವಾರ ಬೆಳಿಗ್ಗೆ ಕಂಪ್ಯೂಟರ್ ಚಾಲೂ ಮಾಡಿದಾಗ ಎಂತಾದ್ರೂ ಬೇರೆ ಥರ ಕಂಡ್ತಾ?"

"ಕಂಡಿತ್ರಿ. ಪರದೆ ಬ್ಯಾರೆ ಬಣ್ಣ ಆಗಿತ್ತು. ಭತ್ತದ ಪಟ್ಟಿ ಎಡಕ್ಕಿದ್ದದ್ದು ಬಲಕ್ಕ ಹೋಗಿತ್ತು. ಕೆಟ್ಟು ಹೋತು ಅಂತ ಹೆದರಿ ರಾಘು ಸರ್‌ಗೆ ಫೋನ್ ಮಾಡಿದೆ."

"ಅಪ್‌ಡೇಟ್ ಆದ್ರೆ ಹೊಸ ರೂಪ ಮುಂದಿನ ಸಲ ಚಾಲೂ ಮಾಡಿದಾಗ ಬರ್ತದೆ. ಆದಿತ್ಯವಾರ ಆಯ್ತು, ಸೋಮವಾರ ಕಂಡ್ತು. ಅವ್ರು ಫೋನಲ್ಲಿ ಎಂತ ಹೇಳಿದ್ರು?"

ಪ್ರತಿಭಾ ನೆನಪಿಸಿಕೊಳ್ಳಲು ಹೋಗಲಿಲ್ಲ, ಫೋನನ್ನೇ ತೆಗೆದಳು. ಮಾತಾಡಿದ್ದನ್ನೆಲ್ಲ ತಾನೇ ಹಿಡಿದಿಟ್ಟುಕೊಳ್ಳುವ ಜಾತಿಯ ಫೋನು ಅದು. ಅಂಗಡಿಯವನು ಹಾಗೆಯೇ ಕೊಟ್ಟಿದ್ದ, ಆರಿಸಲು ಇವಳಿಗೆ ಬಂದಿರಲಿಲ್ಲ.

ಮೇಜಿನ ನಡುವೆ ಇಟ್ಟ ಫೋನಿನಿಂದ ಮೊದಲು ಪ್ರತಿಭಾಳ ಗಾಬರಿಯ ದನಿ ಬಂತು: ಸರ್, ಪರದೆ ಬದಲಾಗೈತ್ರಿ, ನಾನೇನೂ ಮುಟ್ಟಿಲ್ರಿ. ಆಮೇಲೆ ಸ್ವಲ್ಪ ಹೊತ್ತು ಬರಿಯ ಉಸಿರು. ಆಮೇಲೆ ರಾಘುವಿನ ದನಿ, ಅವಸರವಿಲ್ಲದ್ದು: "ಏನೂ ಆಗಿಲ್ಲ ಬಿಡಿ. ನಿನ್ನೆ ಅಪ್‌ಡೇಟ್ ಆಗಿದೆ. ಹಾಗೇ ಕೆಲಸ ಮಾಡಿ."

ಫೋನು ನಿಂತಿತು. ಹೊರಗೆ ಬನವಾಸಿ ಕಡೆಯ ಬಸ್ಸು ಹಾರ್ನ್ ಹಾಕಿಕೊಂಡು ಹೋಯಿತು. ಸಂಗಯ್ಯನವರು ಆ ಕಡೆ ತಿರುಗಿಯೂ ನೋಡಲಿಲ್ಲ.

"ಅವಳು ಪರದೆ ಬದಲಾಗಿದೆ ಅಂದ್ಲು ಅಷ್ಟೇ," ಎಂದಳು ತನುಜಾ. "ಯಾವಾಗ ಅಂತ ಹೇಳ್ಲಿಲ್ಲ, ಅವಳಿಗೇ ಗೊತ್ತಿಲ್ಲ. ನಿನ್ನೆ ಅಂತ ನಿಮಗೆ ಹೆಂಗೆ ಗೊತ್ತಾಯ್ತು, ರಾಘು?"

ರಾಘು ನಕ್ಕ. ಅದು ಚೆನ್ನಾಗಿ ತಯಾರಾದ ನಗು. "ಇಷ್ಟೇನಾ ಮೇಡಂ? ಯಾವ ಯಂತ್ರಕ್ಕೆ ಯಾವಾಗ ಅಪ್‌ಡೇಟ್ ಹೋಯಿತು ಅಂತ ಯಲ್ಲಾಪುರದ ನಮ್ಮ ಸರ್ವರಿನಲ್ಲಿ ಕಾಣುತ್ತದೆ. ಫೋನ್ ಬಂದಾಗ ನೋಡಿದೆ, ಹೇಳಿದೆ."

"ಸೋಮವಾರ ನೋಡಿದ್ರಿ."

"ನೋಡಿದೆ."

"ಆದಿತ್ಯವಾರ ಅಪ್‌ಡೇಟ್ ಆಗಿದೆ ಅಂತ ಕಾಣಿಸ್ತು."

"ಕಾಣಿಸಿತು. ಅದರಲ್ಲಿ ಏನಿದೆ?"

ತನುಜಾ ವರದಿಯ ಕಾಗದವನ್ನು ಎರಡು ಬೆರಳಲ್ಲಿ ಎತ್ತಿ ಸಂಗಯ್ಯನವರ ಮುಂದಿಟ್ಟಳು. "ಅಧ್ಯಕ್ಷರೇ, ಇದರ ತಾರೀಕು ಓದಿ. ಆಮೇಲೆ ಮೂರನೇ ಸಾಲು ಓದಿ."

ಸಂಗಯ್ಯನವರು ಪುರಾಣ ಓದುವ ದನಿಯಲ್ಲಿ ಓದಿದರು. "ಮಂಗಳವಾರ. 'ಹದಿನಾರು ತಿಂಗಳಲ್ಲಿ ಒಮ್ಮೆಯೂ ಅಪ್‌ಡೇಟ್ ಆಗಿಲ್ಲ.'" ಓದಿ ತಲೆಯೆತ್ತಿದರು. "ಸ್ವಾಮವಾರ ಆಗೈತಿ ಅಂದೀರಿ. ಮಂಗಳವಾರ ಆಗಿಲ್ಲ ಅಂತ ಬರದೀರಿ. ಸಹಿ ಬ್ಯಾರೆ ಹಾಕೀರಿ."

ರಾಘು ವರದಿಯ ಕಾಗದಕ್ಕೆ ಕೈಚಾಚಿದ. ಸಂಗಯ್ಯನವರು ಕೊಡಲಿಲ್ಲ.

"ಸರ್ವರಿನಲ್ಲಿ ನೋಡಿದ್ದು ನಿಜ ಆದ್ರೆ ವರದಿ ಸುಳ್ಳು," ಎಂದಳು ತನುಜಾ. ದನಿ ಏರಿಸಲಿಲ್ಲ, ಇಂಕು ಎಷ್ಟು ತುಂಬಬೇಕೆಂದು ಕೇಳುವಾಗಲೂ ಅವಳ ದನಿ ಹೀಗೇ ಇರುತ್ತಿತ್ತು. "ವರದಿ ನಿಜ ಅಂತ ನಂಬಿ ಬರೆದಿದ್ರೆ ನೀವು ಸರ್ವರ್ ನೋಡಿಲ್ಲ. ಹಂಗಾದ್ರೆ 'ನಿನ್ನೆ' ಅನ್ನೋದು ಗೊತ್ತಿರೋದು ಒಬ್ಬರಿಗೇ. ಮೊಳೆಯಿಂದ ತಂತಿ ತೆಗೆದವರಿಗೆ. ಯಾವುದು ಬೇಕೋ ಆರಿಸ್ಕೊಳ್ಳಿ, ಅವಸರ ಇಲ್ಲ."

"ಕೀಲಿ?" ಎಂದ ಶರಣ. ಅವನ ದನಿ ಈಗ ಬೇರೆಯಾಗಿತ್ತು, ಪ್ರಶ್ನೆ ಕೇಳಿದ್ದು ರಾಘುವಿಗೆ.

ಉತ್ತರ ಕೊಟ್ಟವಳು ಪ್ರತಿಭಾ. "ಕಂಪ್ಯೂಟರ್ ಕೂರಿಸೂ ಮುಂದ ಎಲ್ಡು ದಿನ ಕೀಲಿ ಸರ್ ಹತ್ರನ ಇತ್ತು. ನಾನ ಕೊಟ್ಟಿದ್ದೆ. ಪಾಸ್‌ವರ್ಡ್ ಸೈತ ಅವ್ರ ಇಟ್ಟುಕೊಟ್ಟದ್ದು. ಬದಲ್ ಮಾಡೂದು ನನಗ್ ಗೊತ್ತಿರ್ಲಿಲ್ಲ."

ಈ ಮೂರು ದಿನದಲ್ಲಿ ಅವಳು ಇಷ್ಟು ಗಟ್ಟಿಯಾಗಿ ಮಾತನಾಡಿದ್ದು ಇದೇ ಮೊದಲು.

ರಾಘು ಕುರ್ಚಿ ಹುಡುಕಿ ಕೂತ. ಜೇಬಿನ ಎರಡು ಪೆನ್ನುಗಳಲ್ಲಿ ಒಂದನ್ನು ತೆಗೆದು ನೋಡಿ ಮತ್ತೆ ಅಲ್ಲಿಯೇ ಇಟ್ಟ. "ಬಂದದ್ದು ಹೌದು," ಎಂದ ಕೊನೆಗೆ. "ಕಳಿಸಿದ್ದು ಹೌದು. ಯಾರಿಗೆ ಅಂತ ಕೇಳಬೇಡಿ. ವಕೀಲರು ಬಂದ ಮೇಲೆ ಹೇಳುತ್ತೇನೆ."

"ವಕೀಲರು ಬರ್ತಾರೆ. ಮೊದಲು ಬನವಾಸಿಯಿಂದ ಪೊಲೀಸರು ಬರ್ಲಿ," ಎಂದಳು ತನುಜಾ.

ಒಳಗೊಳಗೇ ಅವಳಿಗೆ ಆ ಹಳೆಯ ಕಂಪ್ಯೂಟರಿನ ಮೇಲೆ ಪ್ರೀತಿ ಉಕ್ಕಿಬಂದಿತ್ತು. ಹದಿನಾರು ತಿಂಗಳು ದಿನಾ ಸೋತದ್ದನ್ನು ಒಂದು ದಿನವೂ ಮುಚ್ಚಿಡದೆ ಬರೆದಿಟ್ಟ ಪ್ರಾಮಾಣಿಕರು ಮನುಷ್ಯರಲ್ಲಿ ಎಷ್ಟು ಮಂದಿ ಸಿಗುತ್ತಾರೆ?

ಸಂಗಯ್ಯನವರು ಠರಾವನ್ನು ಕೈಗೆತ್ತಿಕೊಂಡರು. ಹರಿಯುತ್ತಾರೆಂದು ಎಲ್ಲರೂ ಕಾದರು. ಅವರು ಹರಿಯಲಿಲ್ಲ, ಕಾಗದವನ್ನು ನೀಟಾಗಿ ನಾಲ್ಕು ಮಡಿಕೆ ಮಾಡಿ ಶರಣನ ಅಂಗಿಯ ಜೇಬಿಗೆ ತುರುಕಿದರು.

"ನಿನ್ನ ಸಹಿ ಐತಿ, ನೀನ ಇಟ್ಕೋ. ಮನ್ಯಾಗ ಕಟ್ಟು ಹಾಕ್ಸು."

ವಿಶ್ವೇಶ್ವರ ನಾಯ್ಕರು ಈ ಮಾತನ್ನು ಸ್ಪಷ್ಟವಾಗಿ ಕೇಳಿಸಿಕೊಂಡು ಹೊಟ್ಟೆ ಹಿಡಿದು ನಕ್ಕರು. ಶರಣ ಎದ್ದು ಪ್ರತಿಭಾಳ ಎದುರು ನಿಂತ.

"ತಪ್ಪಾತು, ತಂಗಿ."

"ನನಗ್ ಹೇಳಬ್ಯಾಡ್ರಿ ಅಣ್ಣಾರ," ಎಂದಳು ಪ್ರತಿಭಾ. "ನಳದ ಹತ್ರ ಹೇಳ್ರಿ. ನಾಳೆ ಮುಂಜಾನೆ ಆರಕ್ಕ ನೀರು ಬಿಡ್ತಾರ. ಎಲ್ಲಾರೂ ಇರ್ತಾರ."

ಶರಣ ತಲೆಯಾಡಿಸಿದ. ಇದಕ್ಕಿಂತ ಕಠಿಣ ಶಿಕ್ಷೆಯನ್ನು ಯಾವ ಕೋರ್ಟೂ ಅವನಿಗೆ ಕೊಡಲಾರದೆಂದು ಕೋಣೆಯಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಎದುರಿನ ಅಂಗಡಿಯಿಂದ ಮಂಡಕ್ಕಿಯೂ ಮಿರ್ಚಿಯೂ ಬಂದವು. ಕಾಗದದ ಪೊಟ್ಟಣಗಳು ಮೇಜಿನ ಮೇಲೆ, ಠರಾವಿದ್ದ ಜಾಗದಲ್ಲೇ, ಬಿಚ್ಚಿಕೊಂಡವು. ಪೊಲೀಸರಿಗೆ ಫೋನಾಯಿತು. ಕಂಪನಿಯ ಅರ್ಜಿಗೆ ಆಕ್ಷೇಪ ಹಾಕಲು ಈ ದಿನಚರಿಯ ಪುಟವೇ ಸಾಕೆಂದು ತನುಜಾ ಹೇಳಿ, ನಾನೂರ ಹದಿಮೂರು ಸಾಲನ್ನೂ ಮುದ್ರಿಸಿದಳು. ಪ್ರಿಂಟರ್ ಎರಡು ಸಲ ಕಾಗದ ಕಚ್ಚಿತು. ಎರಡು ಸಲವೂ ಅವಳು ನೋಡದೆಯೇ ಬಿಡಿಸಿದಳು.

ಪ್ರತಿಭಾ ತನ್ನ ಕುರ್ಚಿಗೆ ಹೋಗಿ ಕೂತಳು. ಕೂತು, ಎರಡೂ ಕೈಯನ್ನು ಮೇಜಿನ ಮೇಲೆ ಅಗಲವಾಗಿ ಇಟ್ಟಳು, ಅಳತೆ ನೋಡುವವರ ಹಾಗೆ. ಸಂಗಯ್ಯನವರು ಒಂದು ಮಿರ್ಚಿಯನ್ನು ತಾವೇ ಅವಳ ಮುಂದಿಟ್ಟರು.

"ತಿನ್ನವಾ. ಇನ್ನ ಕೆಲಸಕ್ಕ ಹತ್ತು. ಕಾರ್ಯದರ್ಶಿ ನೀನ."

"ಮದ್ಲು ಗುಡ್ನಾಪುರಕ್ಕ ಒಂದು ಫೋನ್ ಮಾಡ್ತೀನ್ರಿ," ಎಂದಳು ಪ್ರತಿಭಾ. "ದ್ಯಾವಮ್ಮ ಕಾಯ್ತಿರ್ತಾಳ. ಎಲ್ಡು ದಿನದಿಂದ ಉಂಡಿಲ್ಲಂತ ಆ ಮುದುಕಿ, ನನ್ನ ಸಲುವಾಗಿ."

ಕಡತದಲ್ಲಿದ್ದದ್ದು ಬರಿಯ ಫೋಟೋ, ಟಿಪ್ಪಣಿ. ಕೆರೆಮುಳುಕವ‌ನ್ನು ಇವತ್ತಿಗೂ ಬಿತ್ತಿ ಬೆಳೆಯುವ ಮನೆ ಒಂದೇ. ಗುಡ್ನಾಪುರದ ಕೆರೆಯ ಕೆಳಗಿನ ದ್ಯಾವಮ್ಮನದು. ಬೀಜವಿಲ್ಲದೆ ಕಾಗದ ಹಿಡಿದು ಅರ್ಜಿ ಹಾಕಿದವರು ಇಂದಲ್ಲ ನಾಳೆ ಬೀಜ ತೋರಿಸಲೇಬೇಕು. ಈ ಯೋಚನೆ ತನುಜಾಳ ತಲೆಯಲ್ಲಿ ಬಂದದ್ದೂ, ಫೋನು ರಿಂಗಾಗಿ ಆ ಕಡೆ ಎತ್ತಿದ್ದೂ ಒಟ್ಟಿಗೇ ಆಯಿತು.

ಎತ್ತಿದವನು ದ್ಯಾವಮ್ಮನ ಮಗ ಹೊನ್ನ. ಎಲ್ಲರೂ ಕೇಳಲೆಂದು ಪ್ರತಿಭಾ ಫೋನನ್ನು ಮೇಜಿನ ಮೇಲೆಯೇ ಇಟ್ಟಿದ್ದಳು.

"ಹೊನ್ನಣ್ಣ, ನಾ ಪ್ರತಿಭಾ. ಅವ್ವಗ ಫೋನ್ ಕೊಡ್ರಿ. ಗೆದ್ವಿ ಅಂತ ಹೇಳ್ಬೇಕು."

"ಅವ್ವನ್ನ ನನ್ನ ಹತ್ರ ಯಾಕೆ ಕೇಳ್ತ್ರಿ?" ಎಂದ ಹೊನ್ನ. "ನಿಮ್ಮ ಜತಿಗೇ ಇದ್ದಾಳಲ್ಲ."

"ನನ್ನ ಜೊತಿಗೆ?"

"ಒಂಬತ್ತೂಕಾಲಿಗೆ ಕಾರು ಬಂತು. ನೀವೇ ಕಳಿಸಿದ್ದು ಅಂದ್ರು. ಚೀಟಿ ಇಲ್ಲೇ ಇದೆ, ನಿಮ್ಮ ಸಹಿ, ಸಂಘದ ಸೀಲು. ದಾಸನಕೊಪ್ಪದಲ್ಲಿ ಬೀಜ ತೋರಿಸ್ಬೇಕು, ಇದ್ದದ್ದೆಲ್ಲ ತಗಂಡು ಬಾ ಅಂತ ಬರ್ದೀರಿ. ನಿಮ್ಮ ಹೆಸರು ನೋಡಿದ ಮೇಲೆ ಅವ್ವ ಒಂದು ಮಾತು ಕೇಳಿಲ್ಲ. ಮೂರೂ ಚೀಲ ಹಾಕ್ಕಂಡು ಹತ್ತಿ ಹೋದ್ಲು."

ಮಂಡಕ್ಕಿ ತಿನ್ನುತ್ತಿದ್ದ ಕೈಗಳು ಅಲ್ಲಲ್ಲೇ ನಿಂತವು. ಪ್ರತಿಭಾ ಎದ್ದಳು, ಕುರ್ಚಿ ಹಿಂದಕ್ಕೆ ಬಿತ್ತು. ಸಂಗಯ್ಯನವರ ಮುಖ, ಶರಣನ ಮುಖ, ವಿಶ್ವೇಶ್ವರ ನಾಯ್ಕರ ಮುಖ, ತನುಜಾ ಒಂದೊಂದಾಗಿ ನೋಡಿದಳು. ಮೂರರಲ್ಲೂ ಒಂದೇ ಬೆರಗು.

ರಾಘು ಮಾತ್ರ ಗೋಡೆಯ ಗಡಿಯಾರ ನೋಡಿದ. ಹತ್ತೂವರೆ. ನೋಡಿ, ಕಿಟಕಿಯ ಕಟ್ಟೆಯ ಮೇಲಿಟ್ಟಿದ್ದ ತಣ್ಣಗಾದ ಚಹಾ ಎತ್ತಿಕೊಂಡು, ನಿಧಾನವಾಗಿ ಮುಗಿಸಿದ.

ಈ ಒಂದೂವರೆ ಗಂಟೆ ಅವನನ್ನು ಇಲ್ಲಿ ಹಿಡಿದಿಟ್ಟವಳು ತಾನೆಂದೇ ತನುಜಾ ಈ ಕ್ಷಣದವರೆಗೂ ತಿಳಿದಿದ್ದಳು.